ಗುರು ಕೊಟ್ಟ ಅಕ್ಷರ

ಎರಡು ತಿಂಗಳಿಂದ ಭಾಯಿ ನಿಧಾನ್ ಸಿಂಗ್ ಗುರುದ್ವಾರದ ಪವಿತ್ರ ಗ್ರಂಥದ ಒಂದೇ ಪುಟವನ್ನು ತೆರೆಯುವ ಅಭ್ಯಾಸ ಮಾಡುತ್ತಿದ್ದ. ಕಣ್ಣು ಮುಚ್ಚಿ, ಎರಡೂ ಕೈಯಿಂದ. ನೋಡಿದವರಿಗೆ ಪುಟ ತಾನಾಗಿಯೇ ತೆರೆದುಕೊಂಡಂತೆ ಕಾಣಬೇಕು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ಇವತ್ತು ತಪ್ಪುವ ಹಾಗಿರಲಿಲ್ಲ.

ಇದು ಪಾಪವೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಹತ್ತನೇ ವಯಸ್ಸಿಗೆ ಮನೆ ಬಿಟ್ಟು, ಗುರುಗಳ ವಾಣಿಯಾದ ಗುರುಬಾಣಿ ಕಲಿಸುವ ಟಕ್ಸಾಲಿಗೆ ಸೇರಿ, ಹನ್ನೆರಡು ವರ್ಷ ಸಾಲು ಸಾಲಿಗೂ ಅರ್ಥ ಕಲಿತವನು. ಗ್ರಂಥದ ಪದ್ಯಗಳಾದ ಶಬದ್‌ಗಳಲ್ಲಿ ಯಾವುದು ಯಾವ ಅಕ್ಷರದಿಂದ ಶುರುವಾಗುತ್ತದೆ, ಯಾವ ಪುಟದಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲ. ಆ ವಿದ್ಯೆಯನ್ನೇ ಈಗ ಮಚ್ಚಿನ ಹಾಗೆ ಮಸೆಯುತ್ತಿದ್ದ.

ಊರಿನ ದೊಡ್ಡ ಕುಳ ಸರ್ದಾರ್ ಉಜಾಗರ್ ಸಿಂಗನ ಮೊಮ್ಮಗನಿಗೆ ಇವತ್ತು ನಾಮಕರಣ. ಗ್ರಂಥ ತೆರೆದಾಗ ಸಿಕ್ಕುವ ಶಬದ್‌ನ ಮೊದಲ ಅಕ್ಷರವೇ ಮಗುವಿನ ಹೆಸರಿಗೂ ಮೊದಲ ಅಕ್ಷರ. ಗ್ರಂಥ ಓದುವ ಗ್ರಂಥಿ ಹೆಸರು ಸೂಚಿಸುತ್ತಾನೆ, ನೆರೆದ ಭಕ್ತರ ಸಂಗತ್ ಜಯಕಾರ ಹಾಕುತ್ತದೆ. ಜಯಕಾರ ಬಿದ್ದ ಹೆಸರನ್ನು ಬದಲಿಸುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ, ಉಜಾಗರ್ ಸಿಂಗನಿಗೂ.

ನಿಧಾನ್ ಸಿಂಗನಿಗೆ ಬೇಕಾಗಿದ್ದದ್ದು 'ಟ'. ಟಹಲ್ ಸಿಂಗ್.

ಟಹಲ್ ಸಿಂಗ್ ಅವನ ಅಣ್ಣ. ಇಪ್ಪತ್ತಾರು ವರ್ಷದ ಹಿಂದೆ, ಈ ಊರಿನ ಮೇಲೆ ಹಾಯುವ ಕಾಲುವೆಯ ಕೊನೆಯ ಹಳ್ಳಿಯಿಂದ ತನ್ನ ಸರದಿಯ ನೀರು ಕೇಳಲು ಬಂದವನನ್ನು ಉಜಾಗರ್ ಸಿಂಗ್ ಬದುವಿನ ಮೇಲೆಯೇ ಕಡಿದು ಹಾಕಿದ. ಸಾಕ್ಷಿಗಳು ಬಾಯಿಗೆ ಬೀಗ ಹಾಕಿಕೊಂಡರು. ಮದುವೆಯಾಗಿ ನಾಲ್ಕೇ ತಿಂಗಳಾಗಿದ್ದ ಅತ್ತಿಗೆ ತವರಿಗೆ ಹೋದಳು, ವರ್ಷ ತುಂಬುವಷ್ಟರಲ್ಲಿ ಇನ್ನೊಂದು ಮದುವೆಯಾದಳಂತೆ. ಟಕ್ಸಾಲಿನಲ್ಲಿದ್ದ ನಿಧಾನ್ ಅವಳನ್ನು ನೋಡಿದ್ದು ಮದುವೆಯ ದಿನ ಒಂದೇ. ಅಣ್ಣನನ್ನು ಅಷ್ಟು ಬೇಗ ಮರೆತವಳ ಮೇಲೆ ಅವನಿಗೆ ಉಜಾಗರ್ ಸಿಂಗನ ಮೇಲಿನಷ್ಟೇ ಸಿಟ್ಟು.

ಆರು ವರ್ಷದ ಹಿಂದೆ, ಬೇಕೆಂದೇ, ಈ ಊರಿನ ಗುರುದ್ವಾರಕ್ಕೆ ಗ್ರಂಥಿಯಾಗಿ ಬಂದ. ಸರ್ದಾರ್ ಒಮ್ಮೆ ಕಣ್ಣು ಕಿರಿದು ಮಾಡಿ ಕೇಳಿದ್ದ: "ಭಾಯೀಜಿ, ನಿಮ್ಮನ್ನ ಎಲ್ಲೋ ನೋಡಿದೀನಲ್ಲ?"

"ಗಡ್ಡ ಬಿಟ್ಟೋರೆಲ್ಲ ಒಂದೇ ಥರ ಕಾಣ್ತೀವಿ, ಸರ್ದಾರ್‌ಜಿ."

ಸರ್ದಾರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ನಗು ನಿಧಾನ್ ಸಿಂಗನಿಗೆ ಇವತ್ತಿಗೂ ಜೀರ್ಣವಾಗಿರಲಿಲ್ಲ.

ಕೊಲ್ಲಬಹುದಿತ್ತು. ಕೊಂದರೆ ಒಂದೇ ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಅವನಿಗೆ ದಿನದಿನವೂ ನಡೆಯುವ ಶಿಕ್ಷೆ ಬೇಕಿತ್ತು. ಮುದುಕ ಬೆಳಗೆದ್ದು ತಾನು ಕಡಿದವನ ಹೆಸರು ಹಿಡಿದೇ ಮೊಮ್ಮಗನನ್ನು ಕೂಗಬೇಕು. ಆ ಹೆಸರು ಹೇಳಿ ಮುದ್ದಿಸಬೇಕು, ಆ ಹೆಸರಿಗೇ ಜಮೀನು ಬರೆಯಬೇಕು. ಪ್ರಾಣ ಹೋಗುವಾಗಲೂ ಬಾಯಲ್ಲಿ ಅದೇ ಇರಬೇಕು.

ಸಂಗತ್ ತುಂಬಿತ್ತು. ಹೆಂಗಸರ ಕಡೆ ಮಗುವಿನ ತಾಯಿ ಗುರ್ಲೀನ್, ಪಕ್ಕದಲ್ಲಿ ಅವಳ ತಾಯಿ. ಮಗಳ ಮನೆಯ ನೀರೂ ಕುಡಿಯಬಾರದೆನ್ನುವ ಹಳೇ ಪದ್ಧತಿಯ ಹೆಂಗಸು. ಮಗಳ ಮದುವೆಯಾಗಿ ಮೂರು ವರ್ಷಕ್ಕೆ ಮೊದಲ ಸಲ ಈ ಊರಿಗೆ ಕಾಲಿಟ್ಟಿದ್ದಳು. ದಪ್ಪ ಕನ್ನಡಕ, ಹಣೆ ಮುಚ್ಚುವ ಬಿಳಿ ಚುನ್ನಿ.

"ಒಳ್ಳೇ ಅಕ್ಷರ ಬರ್ಲಿ, ಭಾಯೀಜಿ," ಎಂದ ಉಜಾಗರ್ ಸಿಂಗ್, ಎಲ್ಲರಿಗೂ ಕೇಳುವಂತೆ. "ನಾನು ಫೋನಲ್ಲಿ ಹುಡುಕಿ ಚೆಂದದ ಹೆಸರು ಇಟ್ಕೊಂಡಿದ್ದೆ. ನಮ್ಮ ಬೀಗಿತ್ತಿ ಬಿಡಬೇಕಲ್ಲ! ಸಂಬಂಧ ಹೇಳಿ ಕಳಿಸಿದೋರೂ ಇವರೇ, ಈಗ ಗುರುವೇ ಹೆಸರು ಕೊಡ್ಲಿ ಅಂತ ಹಟ ಹಿಡಿದೋರೂ ಇವರೇ."

"ಕೊಟ್ಟದ್ದನ್ನ ಒಪ್ಕೋತೀರಿ ತಾನೇ, ಬೀಗರೇ?"

"ತಲೆ ಮೇಲೆ ಹೊತ್ಕೋತೀನಿ!"

ಅರ್ದಾಸ್ ಪ್ರಾರ್ಥನೆ ಮುಗಿಯಿತು. ನಿಧಾನ್ ಸಿಂಗ್ ಗ್ರಂಥಕ್ಕೆ ಹೊದಿಸಿದ ರುಮಾಲೆ ಸರಿಸಿ, ಕಣ್ಣು ಮುಚ್ಚಿ, ಪುಟಗಳನ್ನು ಬಿಡಿಸಿದ. ಅಂದುಕೊಂಡ ಪುಟವೇ ಬಂತು. ಆ ಶಬದ್ ವಿನಯದ್ದು, ದಾಸರಿಗೂ ದಾಸನಾಗಿ ಸೇವೆ ಮಾಡುವವನ ಮಾತು. ಅದರ ಒಂದೊಂದು ಪದದ ಅರ್ಥ ಗೊತ್ತಿದ್ದೂ ಅವನು ಹಲ್ಲು ಕಚ್ಚಿಕೊಂಡು ಓದಿದ. ಧ್ವನಿ ನಡುಗಲಿಲ್ಲ.

"ಅಕ್ಷರ 'ಟ'. ಹೆಸರು, ಟಹಲ್ ಸಿಂಗ್."

ಉಜಾಗರ್ ಸಿಂಗನ ಮುಖದಲ್ಲಿ ರಕ್ತವಿರಲಿಲ್ಲ. "ಬೇರೆ... ಬೇರೆ ಯಾವ್ದಾದ್ರೂ ಹೇಳಿ, ಭಾಯೀಜಿ. ಅದು ಹಳೇ ಕಾಲದ ಹೆಸರು. ಸ್ಕೂಲಲ್ಲಿ ಹುಡುಗರು ನಗ್ತಾರೆ."

"ಹಳೇದೇ, ಸರ್ದಾರ್‌ಜಿ. ನೀವೂ ಕೇಳಿರ್ತೀರಿ."

ಸರ್ದಾರ್ ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ಕಡೆಯಿಂದ ಜಯಕಾರದ ಕೂಗು ಎದ್ದಿತು. "ಬೋಲೇ ಸೋ ನಿಹಾಲ್!" ಬೀಗಿತ್ತಿ ಎದ್ದು ನಿಂತು ಕೈ ಮೇಲೆತ್ತಿದ್ದಳು.

"ಸತ್ ಸ್ರೀ ಅಕಾಲ್!" ಇಡೀ ಸಂಗತ್ ಮೊಳಗಿತು.

ಗುರ್ಲೀನ್ ಮಗುವನ್ನು ಮಾವನ ತೊಡೆಯ ಮೇಲೆ ಮಲಗಿಸಿದಳು. "ಕರೀರಿ ಮಾವಾ, ಮೊದಲು ನೀವೇ ಕರೀಬೇಕು."

"ಟಹಲ್," ಎಂದ ಮುದುಕ. ಎರಡನೇ ಸಲ ಕರೆಯದೆ ಮಗುವನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟ. ನಿಧಾನ್ ಸಿಂಗನಿಗೆ ಕುಣಿಯುವಷ್ಟು ಖುಷಿಯಾಯಿತು. ಇಪ್ಪತ್ತಾರು ವರ್ಷದ ಎದೆಯ ಉರಿ ಅವತ್ತು ತಣ್ಣಗಾಯಿತು.

ಎಲ್ಲರೂ ಲಂಗರಿಗೆ ಊಟಕ್ಕೆ ಹೋದರು. ಬೀಗಿತ್ತಿ ಮಾತ್ರ ಉಳಿದಳು. ಗ್ರಂಥಕ್ಕೆ ತಲೆಬಾಗಿ, ಅವನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನಾನೂ ಚಿಕ್ಕಂದಿನಿಂದ ಬಾಣಿ ಓದ್ಕೊಂಡು ಬಂದೋಳು, ಭಾಯೀಜಿ. 'ಟ'ದಿಂದ ಶುರುವಾಗೋ ಶಬದ್ ಎಷ್ಟು ಅಪರೂಪ ಅಂತ ಗೊತ್ತು. ಆ ಪುಟ ತಾನಾಗಿ ತೆರ್ಕೊಳ್ಳಲಿಲ್ಲ. ನೀವು ತೆರೆದಿರಿ."

ಈ ಹೆಂಗಸು ಒಂದು ಮಾತು ಆಡಿದರೆ ಊರೇ ತನ್ನನ್ನು ಅಟ್ಟುತ್ತದೆ. ಅದು ಹೋಗಲಿ, ಅಣ್ಣನ ಹೆಸರನ್ನೂ ಅಳಿಸಿಬಿಡುತ್ತಾರೆ.

"ಮಾತಾಜಿ, ಕಾಲಿಗೆ ಬೀಳ್ತೀನಿ. ಯಾರಿಗೂ ಹೇಳ್ಬೇಡಿ."

ಆಕೆ ಕನ್ನಡಕ ತೆಗೆದಳು. ಅವನ ಹುಬ್ಬು, ಮೂಗು, ಗಡ್ಡದೊಳಗಿನ ಗಲ್ಲ, ಎಲ್ಲವನ್ನೂ ನಿಧಾನವಾಗಿ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು, ತುಟಿಯಲ್ಲಿ ನಗು.

"ನಾನ್ಯಾಕೆ ಹೇಳ್ಲಿ, ಮೈದುನಾ? ನಿಮ್ಮಣ್ಣನ್ನ ಕಡಿದಾಗ ನನ್ನ ಹೊಟ್ಟೇಲಿದ್ದ ಮಗಳನ್ನ, ಹುಡುಕಿ ಹುಡುಕಿ ಈ ಮನೆಗೇ ಸೊಸೆಯಾಗಿ ಕೊಟ್ಟೋಳು ನಾನು. ಹೆಸರೊಂದು ಉಳಿದಿತ್ತು, ಅದನ್ನ ನೀನಿಟ್ಟೆ."