ಒಡೆದ ದನಿ

ಕಾದ ಧೂಳಿನ ವಾಸನೆ ಬಂದರೆ ಇವತ್ತಿಗೂ ನನಗೆ ಒಂದು ಮಧ್ಯಾಹ್ನ ನೆನಪಾಗುತ್ತದೆ. ಇಬ್ರಾಹಿಂಪುರದ ನಮ್ಮ ಮನೆಯಲ್ಲಿ, ಅಜ್ಜ, ನಮ್ಮ ಮುತ್ಯಾ, ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ ಗಾಜಿನ ವಾಲ್ವುಗಳ ಹಳೇ ಆಂಪ್ಲಿಫಯರ್ ಬಿಸಿಯಾದಾಗ ಬರುತ್ತಿದ್ದ ವಾಸನೆ ಅದು. ಮುತ್ಯಾನ ಸಣ್ಣ ಮಗಳು, ನನ್ನ ಅತ್ತೆ, ಅದಕ್ಕೇ ತನ್ನ ಗಿಟಾರ್ ಜೋಡಿಸಿ ಬಾರಿಸುತ್ತಿದ್ದಳು.

ಆ ಮಧ್ಯಾಹ್ನ ಅವಳನ್ನು ನೋಡಲು ತಿಕೋಟಾದ ಗಂಡಿನ ಕಡೆಯವರು ಬಂದಿದ್ದರು. ಎಮ್ಮೆ ಕೊಳ್ಳುವವರ ಹಾಗೆ ನಡೆಸಿ ನೋಡಿದರು, ಜಡೆ ಬಿಚ್ಚಿಸಿದರು. ಹುಡುಗನ ತಾಯಿ ಚಹಾ ಹೀರುತ್ತ, "ಆ ಗಿಟಾರು ನಮ್ಮ ಮನ್ಯಾಗ ನಡ್ಯಂಗಿಲ್ರಿ" ಎಂದಳು. ಆಮೇಲೆ, "ಹುಡುಗಿ ದನಿ ಹೆಂಗೈತಿ, ಕೇಳೂಣು. ಒಂದು ಹಾಡು ಹಾಡಸ್ರಿ."

"ಹಾಡವಾ," ಎಂದ ಮುತ್ಯಾ.

ಅತ್ತೆ ಎದ್ದು ಗಿಟಾರ್ ಎತ್ತಿಕೊಂಡಳು. ಬೆಳಗಿನಿಂದ ಕಾದೇ ಇದ್ದ ಆಂಪ್ಲಿಫಯರಿನ ಗುಂಡಿಯನ್ನು ಕೊನೆಯವರೆಗೂ ತಿರುವಿ, ತಂತಿಗಳನ್ನೆಲ್ಲ ಒಮ್ಮೆಲೇ ಹೊಡೆದಳು. ತಗಡು ಸೀಳಿದ ಹಾಗೆ ಸ್ವರ ಹರಿದು ಒದರಿತು. ಕಪ್ಪುಬಸಿ ನಡುಗಿದವು.

"ಇಳಸ ಬೇ! ದನಿ ಒಡ್ಯಾಕತ್ತೈತಿ!" ಮುತ್ಯಾ ಚೀರಿದ. ಬಂದವರು ಚಪ್ಪಲಿ ಹುಡುಕುವವರೆಗೂ ಅವಳು ಇಳಿಸಲಿಲ್ಲ.

ಸಂಜೆ ಮುತ್ಯಾ ಪೆಟ್ಟಿಗೆ ಬಿಚ್ಚಿ ಒಂದೊಂದೇ ವಾಲ್ವು ತೆಗೆದು ನೋಡಿದ. "ಏನೂ ಕೆಟ್ಟಿಲ್ಲಲ್ಲ," ಎಂದು ಗೊಣಗಿದ.

ಅತ್ತೆ ಬಸಿ ತೊಳೆಯುತ್ತಲೇ ಹೇಳಿದಳು: "ಕೆಟ್ಟಿಲ್ಲ, ಯಪ್ಪಾ. ದನಿ ಕೇಳ್ಬೇಕಂದ್ರು, ಕೇಳಿಸೀನಿ."