ಬಾಗಿಲಿಗೆ ಬಂದ ಬೋರಲಿಂಗಯ್ಯ

ಚುನಾವಣೆ ಬಂದರೆ ಯಂತ್ರ ಮೂಡಿಸುವ, ಮಾತಾಡುವ ಅಭ್ಯರ್ಥಿಯ ಬೆಳಕಿನ ರೂಪ ಊರಿನ ಎಲ್ಲ ಬಾಗಿಲಲ್ಲೂ ಒಂದೇ ಹೊತ್ತಿಗೆ ನಿಲ್ಲುವುದು ವಾಡಿಕೆ. ಕೆರೆಮೀನು ಮಾರುವ ಪುಟ್ಟತಾಯಿ ಆರತಿ ತಟ್ಟೆ ಹಿಡಿದು ಹೊಸಿಲಿಗೆ ಬಂದಾಗ ಬೋರಲಿಂಗಯ್ಯನ ರೂಪ ಕೈಮುಗಿಯಿತು.

"ಈ ಕೆರೆ ಉಳಿಸೋದೇ ನನ್ನ ಉಸಿರು, ತಾಯಿ."

ಆಕೆ ಖುಷಿಯಿಂದ ಕರ್ಪೂರ ತರಲು ಒಳಗೆ ಹೋದಳು. ಅಷ್ಟರಲ್ಲಿ ಟಿಪ್ಪರ್ ಓಡಿಸುವ ಗಂಡ ಕೆಂಪಣ್ಣ ಎದ್ದು ಬಂದ. ರೂಪ ಅವನಿಗೂ ಕೈಮುಗಿದು ಹೇಳಿತು:

"ಕೆರೆ ಮುಚ್ಚಿ ಬಸ್‌ಸ್ಟ್ಯಾಂಡ್ ಕಟ್ಟಿಸ್ತೀನಿ ಕಣಪ್ಪ. ಮಣ್ಣು ಹೊಡೆಯೋ ಕೆಲಸ ನಿಂದೇ."

ಪುಟ್ಟತಾಯಿ ಓಡಿ ಬಂದಳು. "ಈಗ ತಾನೆ ಉಳಿಸ್ತೀನಿ ಅಂದ್ರಲ್ಲ ಸ್ವಾಮಿ?"

"ನಂಗೆ ಮುಚ್ತೀನಿ ಅಂದ್ರಲ್ಲೇ!" ಎಂದ ಕೆಂಪಣ್ಣ.

ರೂಪ ಅವಳನ್ನು ನೋಡಿತು, ಅವನನ್ನು ನೋಡಿತು. ಕೊನೆಗೆ ನಗುತ್ತಲೇ ಹೇಳಿತು:

"ದಯವಿಟ್ಟು ಒಬ್ಬೊಬ್ಬರಾಗಿ ಬನ್ನಿ."

ಯಾರು ಒಳಗೆ ಹೋಗಬೇಕೆಂದು ತಿಳಿಯದೆ ಇಬ್ಬರೂ ಹೊಸಿಲಲ್ಲೇ ನಿಂತರು.