ಕಣ್ಣೀರಿಗೆ ಹದಿನೇಳರ ಮಗ್ಗಿ

ಪ್ರಶ್ನೆ ಮುಗಿದು ಉತ್ತರ ಇನ್ನೂ ಅರ್ಧ ದಾರಿಯಲ್ಲಿತ್ತು. ಅಷ್ಟರಲ್ಲೇ ಅವನ ಕಣ್ಣು ತುಂಬಿತು.

ಮೇಜಿನ ಆಚೆ ಕೂತಿದ್ದ ಹೆಂಡತಿ ಕೈಯಲ್ಲಿದ್ದ ಹಾಳೆಯನ್ನು ಪಟ್ಟನೆ ಕೆಳಗಿಟ್ಟಳು.

“ಶುರುವಾಯ್ತು! ಎರಡನೇ ಪ್ರಶ್ನೆ ಕಣ್ರೀ ಇದು. ಬರೀ ಎರಡನೇದು!”

“ಅತ್ತಿಲ್ವೇ. ಈರುಳ್ಳಿ ಘಾಟು.”

“ಮೂರು ದಿನದಿಂದ ಮನೇಲಿ ಈರುಳ್ಳಿನೇ ಇಲ್ಲ.”

ಪ್ರಶ್ನೆ ಅಂಥದೇನೂ ಅಲ್ಲ. ಕದ್ದವನು ಸ್ವಂತ ಅಣ್ಣನೇ ಆಗಿದ್ದರೆ ಹಿಡಿದು ತರುವೆಯಾ? ಅಷ್ಟೇ. ಆದರೆ ಉತ್ತರದಲ್ಲಿ ಬಂದ ಅಣ್ಣ ತಮ್ಮನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದ. ಅಲ್ಲಿಗೆ ಕಟ್ಟೆ ಒಡೆಯಿತು.

“ಇಲ್ಲದ ಅಣ್ಣನಿಗೆ ಅಳ್ತೀರಲ್ಲ, ಇರೋ ಹೆಂಡತಿಗೆ ಯಾವತ್ತಾದ್ರೂ ಒಂದು ಹನಿ ಹಾಕಿದೀರಾ?”

ಅಡುಗೆಮನೆಯಿಂದ ಅವನ ತಾಯಿಯ ದನಿ ಬಂತು. “ಬೈಬೇಡ ಕಣೇ. ಹುಟ್ಟುಗುಣ, ಸುಟ್ಟರೂ ಹೋಗಲ್ಲ. ಇವನ ತಾತ ಪದ್ಯ ಓದೋವಾಗ ರಾಜ ಕಾಡಿಗೆ ಹೊರಟರೆ ಕೇಳೋರೆಲ್ಲ ಅಳ್ತಿದ್ರು. ಇವನು ರಾಕ್ಷಸ ಸತ್ತಾಗಲೂ ಅಳೋನು. ‘ಪಾಪ, ಅವನಿಗೂ ಅಮ್ಮ ಇರ್ತಾಳಲ್ವಾ’ ಅಂತ.”

“ಹಾಗಾದ್ರೆ ಪದ್ಯ ಓದ್ಕೊಂಡೇ ಇರಬೇಕಿತ್ತು ಅತ್ತೆ. ಪೊಲೀಸ್ ಅಂದ್ರೆ ಆಗುತ್ತಾ?”

ಹತ್ತು ಗಂಟೆಗೆ ಪೊಲೀಸ್ ಹುದ್ದೆಯ ಸಂದರ್ಶನ. ಹೋದ ಸಲದ್ದು ನೆನೆದರೆ ಇವತ್ತಿಗೂ ಅವನ ಕಿವಿ ಬಿಸಿಯಾಗುತ್ತಿತ್ತು. ಮೊದಲು ಕಣ್ಣು ಒದ್ದೆ. ಆಮೇಲೆ ಮೂಗು. ಆಮೇಲೆ ಬಿಕ್ಕಳಿಕೆ. ಕೊನೆಗೆ ಹೊರಬಿದ್ದ ಅಂಕಗಳನ್ನು ನೋಡಿ ಇಲಾಖೆಗೆ ಇಲಾಖೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂಥ ಅಂಕಗಳನ್ನು ಯಾರೂ ಕಂಡಿರಲಿಲ್ಲ.

ದೊಡ್ಡ ಸಾಹೇಬರು ಹೇಳಿಕಳಿಸಿದ್ದರು. ಇನ್ನೊಂದೇ ಅವಕಾಶ. ಆ ಕೋಣೆಯಲ್ಲಿ ಮತ್ತೆ ಒಂದು ಹನಿ ಬಿದ್ದರೆ, ಹೆಗಲ ಮೇಲಿನ ನಕ್ಷತ್ರದ ಆಸೆಯನ್ನು ಅಲ್ಲಿಗೇ ಬಿಟ್ಟುಬಿಡಲಿ.

ಹೆಂಡತಿ ಬಸ್ ಕಂಡಕ್ಟರ್. ಹನ್ನೊಂದು ವರ್ಷದಿಂದ ಟಿಕೆಟ್ ಇಲ್ಲದವರ ಕಥೆ ಕೇಳಿ ಕೇಳಿ ಅವಳ ಕಿವಿ ಗಟ್ಟಿಯಾಗಿತ್ತು. ಹದಿನೈದು ದಿನದಿಂದ, ಡ್ಯೂಟಿಗೆ ಹೋಗುವ ಮೊದಲು ಒಂದು ಗಂಟೆ, ಗಂಡನನ್ನು ಎದುರಿಗೆ ಕೂರಿಸಿಕೊಂಡು ತಿದ್ದುತ್ತಿದ್ದಳು.

“ಎದುರಿಗೆ ಕೂತಿರೋರ ಕಣ್ಣು ನೋಡಬೇಡಿ, ಹಣೆ ನೋಡಿ. ಎದೆ ಭಾರ ಆಯ್ತು ಅನ್ಸಿದ್ರೆ ಮನಸ್ಸಲ್ಲೇ ಹದಿನೇಳರ ಮಗ್ಗಿ ಹೇಳ್ಕೊಳ್ಳಿ.”

“ಹದಿನೇಳೇ ಯಾಕೆ?”

“ಹತ್ತರ ಮಗ್ಗಿ ಹೇಳ್ಕೊಂಡೂ ಅಳಬಹುದು. ಹದಿನೇಳರದ್ದು ಹೇಳೋವಾಗ ಅಳೋಕೆ ಪುರುಸೊತ್ತು ಸಿಗಲ್ಲ.”

ಬಿಳಿ ಅಂಗಿಯ ಕಾಲರನ್ನು ಅವಳೇ ಸರಿಮಾಡಿದಳು. ಶೂ ಮೇಲೆ ಬಟ್ಟೆ ಆಡಿಸಿದಳು. ತಾಯಿ ಬಾಗಿಲ ತನಕ ಬಂದರು.

“ಒಂದು ದಿನ ಕಲ್ಲಾಗು ಮಗಾ. ದೇವರೇನೂ ಬೈಯಲ್ಲ. ಅವನೂ ಕಲ್ಲಾಗೇ ಕೂತಿಲ್ವಾ?”

ಕಚೇರಿಯ ಕಾರಿಡಾರಿನಲ್ಲಿ ಉದ್ದದ ಬೆಂಚು. ಫೈಲು ಹಿಡಿದವರು ಸಾಲಾಗಿ ಕೂತಿದ್ದರು. ಎಲ್ಲರೂ ಅವನಿಗಿಂತ ಚಿಕ್ಕವರು. ಅವನ ಬೆವೆತ ಮುಖ ನೋಡಿ, ತುದಿಯಲ್ಲಿದ್ದವನೊಬ್ಬ ಜರುಗಿ ಜಾಗ ಕೊಟ್ಟ.

“ಎಷ್ಟನೇ ಸಲ ಅಣ್ಣ?”

“ಎರಡನೇದು.”

“ಒಳಗೆ ತುಂಬ ಕಷ್ಟನಾ?”

“ಹೊರಗಿದ್ದಾಗ ಎಲ್ಲ ಸರಿ ಇರುತ್ತಪ್ಪ. ಒಳಗೆ ಹೋಗಿ ಕೂತ ಮೇಲೆ ನಾನು ನನ್ನ ಕೈಯಲ್ಲಿ ಇರಲ್ಲ.”

“ಧೈರ್ಯ ತಗೊಳ್ಳಿ ಅಣ್ಣ. ಅವರೂ ನಮ್ಮ ಹಾಗೇ ಮನುಷ್ಯರು ತಾನೇ?”

“ಅದೇ ತೊಂದರೆ” ಎಂದ ಅವನು.

ಗಂಟೆ ಹತ್ತಾಯಿತು. ಜವಾನ ಬಾಗಿಲು ತೆರೆದು ಅವನತ್ತ ತಲೆಯಾಡಿಸಿದ. ಒಳಗೆ ಉದ್ದನೆಯ ಮೇಜಿನ ಹಿಂದೆ ಇಬ್ಬರು ಅಧಿಕಾರಿಗಳು ಆಗಲೇ ಕೂತಿದ್ದರು. ಕನ್ನಡಕದವರು ಅವನನ್ನು ಕಂಡ ಕೂಡಲೇ ನಿಟ್ಟುಸಿರಿಟ್ಟರು.

“ಈ ಸಲ ಮರ್ಯಾದೆ ಉಳಿಸಪ್ಪಾ.”

ಅವನು ಕುರ್ಚಿ ಎಳೆದು ಕೂತ. ಬೆನ್ನು ನೇರ. ಅಂಗೈ ತೊಡೆಯ ಮೇಲೆ. ಕಣ್ಣು ಹಣೆಯ ಮೇಲೆ.

ಮೊದಲ ಪ್ರಶ್ನೆ ದಾಟಿತು. ಎರಡನೆಯದೂ ದಾಟಿತು. ದನಿ ನಡುಗಲಿಲ್ಲ. ಕನ್ನಡಕದವರು ತಲೆದೂಗಿದರು. ಹೆಂಡತಿ ನೋಡಿದ್ದರೆ ಹಿಗ್ಗುತ್ತಿದ್ದಳು.

ಮೂರನೆಯದು, ಎಲ್ಲರಿಗೂ ಗೊತ್ತಿರುವ ಪ್ರಶ್ನೆ. ಪೊಲೀಸ್ ಕೆಲಸವೇ ಯಾಕೆ?

“ಅಪ್ಪ ಕಾಣೆಯಾದಾಗ ನಾನಿನ್ನೂ ಆರನೇ ಕ್ಲಾಸು. ಠಾಣೆಗೆ ಹೋದ್ರೆ ನಾಳೆ ಬಾ ಅಂದ್ರು. ಒಬ್ಬರು ಮಾತ್ರ ಟೋಪಿ ತೆಗೆದಿಟ್ಟು ನನ್ನ ಪಕ್ಕ ಬಂದು ಕೂತ್ರು.”

ಹದಿನೇಳೊಂದ್ಲ ಹದಿನೇಳು. ಹದಿನೇಳೆರಡ್ಲ ಮೂವತ್ತನಾಲ್ಕು.

“ಅಪ್ಪ ಸಿಗಲಿಲ್ಲ. ಆದ್ರೆ ಅವರು ಸಂಜೆ ತನಕ ಕೂತಿದ್ರು.”

ಹದಿನೇಳ್ಮೂರ್ಲ ಐವತ್ತೊಂದು. ಹದಿನೇಳ್ನಾಲ್ಕ್ಲ... ಹದಿನೇಳ್ನಾಲ್ಕ್ಲ...

“ಹಾಗೆ ಯಾರದ್ದಾದ್ರೂ ಪಕ್ಕ ಕೂರಬೇಕು ಅಂತ ಅವತ್ತಿಂದ ಆಸೆ.”

ಮಗ್ಗಿ ಅಲ್ಲೇ ನಿಂತಿತು. ಅವನ ಭುಜ ಅಲುಗಿತು. ಹನಿಯೊಂದು ಮೂಗಿನ ತುದಿಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಕನ್ನಡಕದವರು ಹಣೆ ಚಚ್ಚಿಕೊಂಡರು.

“ಹೋದ ಸಲವೂ ಇಲ್ಲಿಗೇ ಅತ್ರಿ ಸರ್” ಎಂದಳು, ಕೆಲಸ ಕೇಳಿಕೊಂಡು ಬಂದು, ಮೇಜಿನ ಆಚೆ ಕೂತು ಇಷ್ಟು ಹೊತ್ತೂ ಉತ್ತರ ಹೇಳುತ್ತಿದ್ದ ಹುಡುಗಿ. “ಅತ್ತು, ಬಂದಿದ್ದ ನಲವತ್ತೆರಡು ಜನಕ್ಕೂ ನೂರಕ್ಕೆ ನೂರು ಕೊಟ್ರಿ, ಪಟ್ಟಿನೇ ರದ್ದಾಯ್ತು. ದಯವಿಟ್ಟು ಕಣ್ಣೊರೆಸ್ಕೊಂಡು ಮುಂದಿನ ಪ್ರಶ್ನೆ ಕೇಳಿ, ಈ ಸಲ ಆದ್ರೂ ನಂಗೆ ಕೆಲಸ ಬೇಕು.”